ಕತ್ತಿಯೊಳಗಿನ ದೆವ್ವ ಸಿಕ್ತು, ಕತ್ತಿ ಬಡಿದ ಆಚಾರ್ರು ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಲಿ ಆತ್ಮ ಸೇರ್ಕೊಂಡಿರೋ ಚಾಕುಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತಲ್ಲ, ಅದಕ್ಕೇ ಈ ಕಾಗದ. ಮೊದ್ಲು ಫೋಟೋ ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ಕಾಗದ ಮುಗಿಯೋವರೆಗೂ ತಲೇಲಿ ಕೊರೀತಾ ಇರ್ತದೆ. ಕೆಳಗಡೆ ಇಂಡೋನೇಷ್ಯಾದ ಕೆರಿಸ್ ಅಂತ ಬರ್ದಿದ್ದೀರ, ಫೋಟೋದಲ್ಲಿರೋದು ನೇಪಾಳದ ಕುಕ್ರಿ. ಕೆರಿಸ್ ಅಂದ್ರೆ ಹಾವು ಹರಿದ ಹಾಗೆ ಡೊಂಕು ಡೊಂಕಾಗಿರ್ತದೆ, ಇಲ್ಲಾ ನೆಟ್ಟಗಿರ್ತದೆ, ಎರಡೂ ಕಡೆ ಬಾಯಿ ಇರ್ತದೆ. ಕುಕ್ರಿ ಒಂದೇ ಕಡೆ ಬಗ್ಗಿ ಹೊಟ್ಟೆ ಬಿಟ್ಕೊಂಡಿರೋ ಸಾಮಾನು. ಎಮ್ಮೆ ಫೋಟೋ ಹಾಕಿ ಇದು ಜಿಂಕೆ ಅಂದ ಹಾಗಾಯ್ತು.

ಅದು ಹೋಗ್ಲಿ. ನನ್ನ ತಕರಾರು ಫೋಟೋದ್ದಲ್ಲ. ಲೇಖನ ಪೂರ್ತಿ ಎರಡು ಸಲ ಓದಿದೆ. ರಾತ್ರಿ ಒರೆಯೊಳಗೆ ಗಡಗಡ ಅನ್ನೋ ಕತ್ತಿ, ತಾನಾಗೇ ಎದ್ದು ನಿಲ್ಲೋ ಕತ್ತಿ, ರಕ್ತ ಕಾಣದೆ ಒರೆಗೆ ವಾಪಸ್ ಹೋಗದ ಕತ್ತಿ, ಎಲ್ಲಾ ಬಂತು. ಕತ್ತಿನ ಯಾರಾದ್ರೂ ಕಾಸಿ ಬಡಿದಿರ್ಬೇಕಲ್ಲ, ಆ ಮನುಷ್ಯ ಮಾತ್ರ ಅರ್ಧ ಪುಟದಲ್ಲಿ ಒಂದು ಸಾಲಿಗೂ ಬರ್ಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ನಮ್ಮದು ಆಚಾರ್ರ ಮನೆ. ಅಜ್ಜನ ಕಾಲದವರೆಗೂ ಕಮ್ಮಾರಸಾಲೆ ನಡೀತಿತ್ತು, ಅಪ್ಪ ಬಸ್ ಡಿಪೋ ಸೇರಿದ್ರು, ನಾನು ಡಿಪ್ಲೊಮಾ ಮಾಡಿ ಮೆಷಿನ್ ರಿಪೇರಿ ಕೆಲಸಕ್ಕೆ ಹೋದೆ. ಚಿಕ್ಕವನಿದ್ದಾಗ ರಜೆ ಬಂದ್ರೆ ಕುಲುಮೆಗೆ ಗಾಳಿ ಊದೋ ತಿದಿ ಒತ್ತೋ ಕೆಲಸ ನಂದೇ. ಊರಲ್ಲಿ ಅಜ್ಜನ ಬಗ್ಗೆ ಒಂದು ಮಾತಿತ್ತು, ಅವರು ಕತ್ತಿಗೆ ಏನೋ ಶಕ್ತಿ ತುಂಬ್ತಾರೆ, ಅದಕ್ಕೇ ಅವರ ಕತ್ತಿ ಮೊಂಡಾಗಲ್ಲ ಅಂತ. ಯಾಕಂದ್ರೆ ಬಡಿಯೋದೆಲ್ಲ ಹಗಲಲ್ಲೇ ಎಲ್ಲರ ಎದುರಿಗೆ ನಡೀತಿತ್ತು, ಆದ್ರೆ ಹದ ಹಾಕೋ ಕೆಲಸ ಮಾತ್ರ ಕತ್ತಲಾದ ಮೇಲೆ, ಸಾಲೆ ಬಾಗಿಲು ಮುಚ್ಚಿ, ಒಳಗೆ ಯಾರನ್ನೂ ಬಿಡದೆ, ಬಾಯಲ್ಲಿ ಏನೋ ಮಣಮಣ ಅಂದ್ಕೊಂಡು ಮಾಡೋರು. ಹೊರಗೆ ನಿಂತೋರಿಗೆ ಮಂತ್ರ ಅಂತಲೇ ಅನ್ಸೋದು. ನನಗೂ ಹಾಗೇ ಅನ್ಸಿತ್ತು, ನಾನು ಒಳಗೇ ಇರ್ತಿದ್ದೆ ಅನ್ನೋದು ಬೇರೆ ಮಾತು.

ಆಮೇಲೆ ಗೊತ್ತಾಗಿದ್ದು, ಮಣಮಣ ಅಂತಿದ್ದದ್ದು ಎಣಿಕೆ. ಒಂದು, ಎರಡು, ಮೂರು. ಕಾದ ಕಬ್ಬಿಣದ ಬಣ್ಣ ಬೆಳಕಲ್ಲಿ ಸರಿಯಾಗಿ ಕಾಣಲ್ಲ, ಹಗಲಲ್ಲಿ ಕೆಂಪಗೆ ಕಂಡದ್ದು ಕತ್ತಲಲ್ಲಿ ನೋಡಿದ್ರೆ ಹಳದಿ ಇರ್ತದೆ, ಅಂದ್ರೆ ಕಾವು ಜಾಸ್ತಿ ಆಗಿರ್ತದೆ, ಕತ್ತಿ ಕೆಟ್ಟ ಹಾಗೇ. ಅದಕ್ಕೇ ಬಾಗಿಲು ಮುಚ್ಚೋದು. ದಾಸವಾಳದ ಕೆಂಪು ಬಂದ ಕೂಡ್ಲೆ ಇಕ್ಕಳದಲ್ಲಿ ಹಿಡಿದು ಕತ್ತಿಯ ಬಾಯಿ ಮಾತ್ರ ನೀರಿಗೆ ತಾಗಿಸೋರು, ಬೆನ್ನು ಮೇಲೇ ಇರ್ತಿತ್ತು. ಆಮೇಲೆ ಹೊರಗೆ ತೆಗೆದು ಕಲ್ಲಲ್ಲಿ ಒಂದು ಸಲ ಸರ್ರ್ ಅಂತ ಉಜ್ಜಿ, ಬೆನ್ನಲ್ಲಿ ಉಳಿದಿರೋ ಕಾವು ಬಾಯಿಕಡೆಗೆ ಇಳಿಯೋದನ್ನ ನೋಡ್ತಾ ಕೂರೋರು. ಆ ಕಾವಿಗೆ ಕಬ್ಬಿಣದ ಮೇಲೆ ಬಣ್ಣ ಓಡ್ತದೆ, ಮೊದ್ಲು ಒಣಹುಲ್ಲಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ನೇರಳೆ, ಕೊನೇಲಿ ನೀಲಿ. ಹುಲ್ಲಿನ ಬಣ್ಣಕ್ಕೇ ನಿಲ್ಲಿಸಿದ್ರೆ ಬಾಯಿ ಗಡಸು, ಗಂಟು ಮರಕ್ಕೆ ಹೊಡೆದ್ರೆ ಚಕ್ಕೆ ಏಳ್ತದೆ. ನೀಲಿಗೆ ಬಿಟ್ರೆ ಮೆತ್ತಗಾಗಿ ಬಾಯಿ ಮಡಚಿಕೊಳ್ತದೆ. ಅಜ್ಜ ಬೆಲ್ಲದ ಬಣ್ಣಕ್ಕೆ ನಿಲ್ಲಿಸೋರು. ಇದೆಲ್ಲಾ ಆಗೋದು ಒಂದೆರಡು ಉಸಿರಿನಷ್ಟು ಹೊತ್ತಲ್ಲಿ, ಅಷ್ಟರೊಳಗೆ ಯಾರಾದ್ರೂ ಬಾಗಿಲು ತೆಗೆದು ಆಚಾರ್ರೇ ನಮ್ಮ ಕುಡುಗೋಲು ಆಯ್ತಾ ಅಂತ ಕೇಳಿದ್ರೆ ಮುಗೀತು.

ಒಂದೊಂದು ಸಲ ನೀರಿಗೆ ತಾಗಿಸಿದ ಕೂಡ್ಲೆ ಟಿಣ್ ಅಂತ ಸಣ್ಣ ಸದ್ದು ಬರೋದು. ಕೂಗ್ತು ನೋಡು ಅನ್ನೋರು ಅಜ್ಜ, ಕತ್ತಿನ ಪಕ್ಕಕ್ಕೆ ಎಸೆಯೋರು. ಬಿರುಕು ಬಿಟ್ಟಿರೋದು ಅಷ್ಟೇ. ಆದ್ರೆ ಅವರು ಬಿರುಕು ಬಿಡ್ತು ಅಂತ ಯಾವತ್ತೂ ಹೇಳ್ತಿರ್ಲಿಲ್ಲ, ಕೂಗ್ತು ಅಂತಲೇ ಹೇಳೋರು. ಕಾದ ಕಬ್ಬಿಣ ಇಟ್ಟು ಬಡಿಯೋ ಅಡಿಗಲ್ಲನ್ನ ದಾಟಿ ಹೋಗಂಗಿಲ್ಲ, ಅದರ ಮೇಲೆ ಕೂರಂಗಿಲ್ಲ. ನಾನು ಇವತ್ತಿಗೂ ದಾಟಲ್ಲ, ಮನೆ ಹಿಂದೆ ತೆಂಗಿನ ಬುಡದಲ್ಲಿ ಮಣ್ಣು ಮುಚ್ಕೊಂಡು ಬಿದ್ದಿದೆ, ಆದ್ರೂ ಸುತ್ತು ಹಾಕ್ಕೊಂಡೇ ಹೋಗ್ತೀನಿ. ಹಾಗಾಗಿ ನಾನು ಇದೆಲ್ಲಾ ಮೂಢನಂಬಿಕೆ ಅಂತ ಭಾಷಣ ಮಾಡೋಕೆ ಬರ್ತಿದ್ದೀನಿ ಅಂದ್ಕೋಬೇಡಿ.

ನಮ್ಮ ಕಡೆ ಕಬ್ಬಿಣ ಅಂದ್ರೆ ದೆವ್ವ ಓಡಿಸೋ ಸಾಮಾನು ಅಲ್ವಾ. ಬಾಣಂತಿ ತಲೆದಿಂಬಿನ ಕೆಳಗೆ ಕತ್ತಿ ಇಡ್ತಾರೆ, ಮದುಮಗನ ಕೈಗೆ ಚೂರಿ ಕೊಟ್ಟು ಅದರ ತುದಿಗೆ ನಿಂಬೆಹಣ್ಣು ಚುಚ್ಚಿರ್ತಾರೆ, ರಾತ್ರಿ ಮಾಂಸದ ಅಡಿಗೆ ಡಬ್ಬಿ ಹಿಡ್ಕೊಂಡು ಹೋಗೋರ ಕೈಲಿ ಅಜ್ಜಿ ಒಂದು ಮೊಳೆನಾದ್ರೂ ಕೊಟ್ಟು ಕಳಿಸೋರು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಹೋದ ಮೇಲೆ ನೋಡಿದ್ರೆ ಎಲ್ಲಾ ತಿರುಗುಮುರುಗು, ಅಲ್ಲಿ ಕಬ್ಬಿಣದೊಳಗೇ ಒಂದು ಜೀವ ಇರ್ತದೆ, ಅದನ್ನ ಓಡಿಸಬಾರದು, ನೋಡ್ಕೋಬೇಕು. ಸುರಬಾಯದಲ್ಲಿ ಮೂರು ವರ್ಷ ಕಂಪನಿ ಕೆಲಸದ ಮೇಲೆ ಇದ್ದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡೋ ಫಿಟ್ಟರ್ ಒಬ್ಬರು, ಐದು ಹೊತ್ತು ನಮಾಜು ಮಾಡೋ ಮನುಷ್ಯ, ಅವರ ಮನೇಲಿ ಅಜ್ಜನ ಕಾಲದ ಕೆರಿಸ್ ಇತ್ತು. ಅದನ್ನ ಅದು ಅಂತ ಕರೀತಿರ್ಲಿಲ್ಲ. ಅರಮನೆಯ ಕೆರಿಸ್‌ಗಳಿಗಂತೂ ಕ್ಯಾಯಿ ಅಂತ ಬಿರುದು ಹಚ್ಚಿ ಹೆಸರೇ ಇಟ್ಟಿರ್ತಾರೆ, ನಾವು ದೊಡ್ಡೋರಿಗೆ ಅವರು ಇವರು ಅಂತೀವಲ್ಲ ಹಾಗೆ.

ಕೆರಿಸ್ ಮಾಡೋ ರೀತಿ ಹೇಳ್ತೀನಿ, ಯಾಕಂದ್ರೆ ಲೇಖನದಲ್ಲಿ ಅದು ಇಲ್ಲವೇ ಇಲ್ಲ. ಮಾಮೂಲಿ ಕಬ್ಬಿಣ ಒಂದು, ನಿಕಲ್ ಇರೋ ಕಬ್ಬಿಣ ಒಂದು, ಎರಡನ್ನೂ ಒಂದರ ಮೇಲೊಂದು ಇಟ್ಟು ಕಾಸಿ ಬಡಿದು ಬೆಸೆದು, ಮಡಚಿ ಮತ್ತೆ ಬಡಿದು, ಹೀಗೆ ಮಡಚ್ತಾ ಮಡಚ್ತಾ ಪದರ ಹೆಚ್ಚಿಸ್ಕೊಂಡು ಹೋಗ್ತಾರೆ, ನಮ್ಮ ಅಮ್ಮಂದಿರು ಚಿರೋಟಿ ಮಾಡೋ ಹಾಗೆ ಅಂದ್ಕೊಳ್ಳಿ. ನಡುವೆ ಒಂದು ಉಕ್ಕಿನ ಹಾಳೆ ಇಡ್ತಾರೆ, ಬಾಯಿ ಬರೋದು ಅದರಿಂದ. ಆಮೇಲೆ ಬಳುಕು ಕೊಡೋದು, ಅದಕ್ಕೆ ಲುಕ್ ಅಂತಾರೆ, ಎಷ್ಟೇ ಇದ್ರೂ ಬೆಸ ಸಂಖ್ಯೆನೇ ಇರ್ಬೇಕು, ಮೂರು, ಐದು, ಏಳು, ಹದಿಮೂರು. ಎಲ್ಲಾ ಮುಗಿದ ಮೇಲೆ ನಿಂಬೆರಸದಲ್ಲಿ ತೊಳೆದು ಪಾಷಾಣದ, ಅಂದ್ರೆ ಆರ್ಸೆನಿಕ್ ವಿಷದ, ನೀರು ಹಚ್ಚಿದ್ರೆ ಮಾಮೂಲಿ ಕಬ್ಬಿಣ ಕಪ್ಪಾಗ್ತದೆ, ನಿಕಲ್ ಇರೋ ಪದರ ಬೆಳ್ಳಿ ಥರ ಹಾಗೇ ಉಳೀತದೆ. ಆಗ ಅಲಗಿನ ಮೇಲೆ ನೀರಿನ ಅಲೆ ಥರ, ಮಳೆ ಹನಿ ಥರ ಚಿತ್ರ ಏಳ್ತದೆ. ಅದಕ್ಕೆ ಪಮೋರ್ ಅಂತ ಹೆಸರು. ಯಾವ ಪಮೋರ್ ಯಾರಿಗೆ ಒಳ್ಳೇದು, ವ್ಯಾಪಾರಿಗೆ ಯಾವುದು, ಸೈನಿಕನಿಗೆ ಯಾವುದು ಅನ್ನೋದಕ್ಕೆಲ್ಲ ಲೆಕ್ಕ ಇದೆ. ಜಾವಾದ ಪ್ರಂಬನಾನ್ ದೇವಸ್ಥಾನಗಳ ಹತ್ರ ಬಿದ್ದ ಒಂದು ಉಲ್ಕೆ ಕಲ್ಲನ್ನ ಸುರಕರ್ತದ ಅರಮನೇಲಿ ಇಟ್ಕೊಂಡಿದ್ದಾರೆ, ಅದರ ಕಬ್ಬಿಣ ತೆಗೆದು ಅರಮನೆ ಕೆರಿಸ್‌ಗಳಿಗೆ ಹಾಕಿದ್ರು. ಆಕಾಶದಿಂದ ಬಿದ್ದದ್ದು ಅಂದ ಮೇಲೆ ಒಳಗೆ ಜೀವ ಇದೆ ಅಂದ್ರೆ ಯಾರು ಬೇಡ ಅಂತಾರೆ ಹೇಳಿ.

ಜಾವಾದವರ ವರ್ಷ ಶುರುವಾಗೋದು ಸುರೋ ತಿಂಗಳಿಂದ, ನಮ್ಮ ಮೊಹರಂ ಬರೋ ತಿಂಗಳೇ ಅದು. ಆಗ ಹಳೇ ಕೆರಿಸ್‌ಗಳನ್ನೆಲ್ಲ ಹೊರಗೆ ತೆಗೆದು ನಿಂಬೆರಸ ಹಚ್ಚಿ ತೊಳೆದು, ಪಾಷಾಣ ಹಚ್ಚಿ, ಎಣ್ಣೆ ಸವರಿ, ಹೂವು ಧೂಪ ಇಟ್ಟು ಮತ್ತೆ ಒಳಗಿಡ್ತಾರೆ. ನಮ್ಮ ಫಿಟ್ಟರ್ ಮನೇಲಿ ನೋಡಿದೆ. ತೊಳೀದೇ ಇದ್ರೆ ಒಳಗಿರೋರಿಗೆ ಸಿಟ್ಟು ಬರ್ತದೆ ಅಂದ್ರು. ನಾನು ಮನಸಲ್ಲೇ, ತುಕ್ಕು ಬರ್ತದೆ ಅಂದ್ಕೊಂಡೆ. ಆಮೇಲೆ ಯೋಚಿಸಿದ್ರೆ, ಅಲ್ಲಿನ ಸೆಕೆಗೆ, ಆ ಮಳೆಗೆ, ತುಕ್ಕು ಬರ್ತದೆ ಅಂತ ಹೇಳಿದ್ರೆ ಒಂದು ತಲೆಮಾರು ತೊಳೀತಿತ್ತೇನೋ, ಸಿಟ್ಟು ಬರ್ತದೆ ಅಂದಿದ್ದಕ್ಕೆ ಆರು ತಲೆಮಾರು ತೊಳ್ದಿದ್ದಾರೆ. ಬಾಲಿ ದ್ವೀಪದಲ್ಲಿ ಇದಕ್ಕೇ ಬೇರೆ ಹಬ್ಬ ಇದೆ, ತುಂಪೆಕ್ ಲಂದೆಪ್ ಅಂತ, 210 ದಿನಕ್ಕೊಂದು ಸಲ ಬರ್ತದೆ. ಮೊದ್ಲು ಕೆರಿಸ್ ಈಟಿಗಳಿಗೆ ಇದ್ದ ಪೂಜೆ, ಈಗ ಸ್ಕೂಟರು ಕಾರಿಗೆಲ್ಲಾ ತೆಂಗಿನಗರಿ ಕಟ್ಟಿ ಪೂಜೆ ಮಾಡ್ತಾರೆ. ಫೋಟೋ ತೋರಿಸಿದ್ರೆ ನಮ್ಮ ಡಿಪೋದ ಆಯುಧಪೂಜೆ ಅಂದ್ಕೋತೀರ, ಬೂದುಗುಂಬಳ ಒಂದು ಇಲ್ಲ ಅಷ್ಟೇ.

ಇನ್ನು ಕತೆಗೆ ಬರ್ತೀನಿ. ಶಾಪದ ಕೆರಿಸ್ ಅಂತ ನಿಮ್ಮ ಲೇಖನದಲ್ಲಿ ಎರಡು ಸಾಲಲ್ಲಿ ಮುಗಿಸಿದ್ದಾರಲ್ಲ, ಅದು ಜಾವಾದ ಪರರಾತೊನ್ ಅನ್ನೋ ಹಳೇ ರಾಜರ ಕಥನದಲ್ಲಿರೋದು, ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಕೆನ್ ಆರೊಕ್ ಅಂತ ಒಬ್ಬ, ಕಳ್ಳತನ ಮಾಡ್ಕೊಂಡಿದ್ದವನು, ತುಮಪೆಲ್‌ನ ಅಧಿಕಾರಿಯ ಹೆಂಡತಿ ಕೆನ್ ದೆದೆಸ್ ಮೇಲೆ ಕಣ್ಣು ಹಾಕ್ತಾನೆ. ಗಂಡನನ್ನ ಮುಗಿಸೋಕೆ ಒಂದು ಕೆರಿಸ್ ಬೇಕು. ಗಂಡ್ರಿಂಗ್ ಅನ್ನೋ ಕಮ್ಮಾರನ ಹತ್ರ ಹೋಗ್ತಾನೆ, ಐದು ತಿಂಗಳಲ್ಲಿ ಬೇಕು ಅಂತಾನೆ. ಗಂಡ್ರಿಂಗ್ ಹೇಳ್ತಾನೆ, ಐದು ತಿಂಗಳಲ್ಲಿ ಆಗಲ್ಲಪ್ಪ, ಚೆನ್ನಾಗಿ ಆಗ್ಬೇಕು ಅಂದ್ರೆ ಒಂದು ವರ್ಷ ಬೇಕು. ಇವನು ಕೇಳಲ್ಲ. ಐದು ತಿಂಗಳಿಗೆ ಸರಿಯಾಗಿ ಬಂದು ನೋಡ್ತಾನೆ, ಗಂಡ್ರಿಂಗ್ ಇನ್ನೂ ಅರ ಹಾಕ್ತಾ ಕೂತಿದ್ದಾನೆ. ಸಿಟ್ಟು ಬಂದು ಆ ಅರ್ಧಂಬರ್ಧ ಕೆರಿಸ್ ಕಿತ್ಕೊಂಡು ಅದರಲ್ಲೇ ಗಂಡ್ರಿಂಗ್‌ನ ಚುಚ್ಚಿಬಿಡ್ತಾನೆ. ಕಲ್ಲಿನ ದೋಣಿ ಮೇಲೆ ಎಸೀತಾನೆ, ಕಲ್ಲು ಒಡೀತದೆ, ಅಡಿಗಲ್ಲಿಗೆ ಎಸೀತಾನೆ, ಅದೂ ಒಡೀತದೆ. ಸಾಯೋ ಹೊತ್ತಲ್ಲಿ ಕಮ್ಮಾರ ಹೇಳ್ತಾನೆ, ಇದೇ ಕೆರಿಸ್‌ನಿಂದ ನೀನೂ ಸಾಯ್ತೀಯ, ನಿನ್ನ ಮಕ್ಕಳು ಮೊಮ್ಮಕ್ಕಳೂ ಸಾಯ್ತಾರೆ, ಏಳು ಜನ ರಾಜರನ್ನ ಇದು ತಿನ್ನುತ್ತೆ ಅಂತ.

ಆಮೇಲೆ ಕೆನ್ ಆರೊಕ್ ಆ ಕೆರಿಸ್‌ನ ಕೆಬೊ ಹಿಜೊ ಅಂತ ಒಬ್ಬನಿಗೆ ಕೊಡ್ತಾನೆ, ಅವನಿಗೆ ಶೋಕಿ, ಊರೆಲ್ಲಾ ತೋರಿಸ್ಕೊಂಡು ತಿರುಗ್ತಾನೆ. ಒಂದು ರಾತ್ರಿ ಕೆನ್ ಆರೊಕ್ ಅದನ್ನ ಕದ್ದು ತಂದು ಅಧಿಕಾರಿನ ಕೊಂದು ಹೆಣದಲ್ಲೇ ಬಿಟ್ಟು ಬರ್ತಾನೆ, ತಪ್ಪು ಕೆಬೊ ಹಿಜೊ ತಲೆಗೆ ಬರ್ತದೆ, ಅವನನ್ನೂ ಅದೇ ಕೆರಿಸ್‌ನಲ್ಲಿ ಮುಗಿಸ್ತಾರೆ. ಕೆನ್ ಆರೊಕ್ ಆ ಹೆಂಗಸನ್ನ ಮದುವೆಯಾಗಿ, 1222ರಲ್ಲಿ ಕೆದಿರಿಯ ರಾಜನನ್ನ ಸೋಲಿಸಿ ಸಿಂಘಸಾರಿ ರಾಜ್ಯ ಕಟ್ತಾನೆ. ಅಧಿಕಾರಿಯ ಮಗ ಅನುಸಪತಿ ದೊಡ್ಡವನಾದ ಮೇಲೆ ವಿಷಯ ಗೊತ್ತಾಗಿ ಅದೇ ಕೆರಿಸ್‌ನಿಂದ ಕೆನ್ ಆರೊಕ್‌ನ ಕೊಲ್ಲಿಸ್ತಾನೆ. ಕೆನ್ ಆರೊಕ್‌ನ ಸ್ವಂತ ಮಗ ತೊಹ್ಜಯ ಅನುಸಪತಿನ ಕೋಳಿ ಅಂಕಕ್ಕೆ ಕರೆದು, ಎಲ್ಲರ ಕಣ್ಣೂ ಕೋಳಿ ಮೇಲಿದ್ದಾಗ ಅದೇ ಕೆರಿಸ್ ಹಾಕ್ತಾನೆ. ನಮ್ಮ ಕಡೆ ಕೋಳಿ ಅಂಕದ ಜಗಳ ಗೊತ್ತಿರೋರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ.

ಈಗ ಹೇಳಿ, ಇದು ದೆವ್ವದ ಕತೆನಾ? ನಂಗೆ ಮೊದಲ ಸಲ ಕೇಳಿದಾಗಲೇ ಅನ್ಸಿದ್ದು, ಇದು ಹದ ಆಗೋವರೆಗೂ ಕಾಯದ ಗಿರಾಕಿಯ ಕತೆ. ಅಜ್ಜನ ಸಾಲೆ ಮುಂದೆ ದಿನಾ ನಡೀತಿದ್ದದ್ದೇ ಇದು, ಕೊಲೆ ಒಂದು ಬಿಟ್ಟು. ನಾಳೆ ಕೊಯ್ಲು ಆಚಾರ್ರೇ, ಇವತ್ತೇ ಕೊಡಿ, ಅಂತ ಬಂದು ಕೂರೋರು. ಕತ್ತಿಯೊಳಗೆ ಇರೋದು ಯಾವುದೋ ಊರು ಕೇರಿ ಇಲ್ಲದ ಪಿಶಾಚಿ ಅಲ್ಲ, ಕೆಲಸ ಮುಗಿಸೋಕೆ ಬಿಡದೆ ಸಾಯಿಸಿದ ಕಮ್ಮಾರ. ಅವನ ಹೆಸರು ಎಂಟುನೂರು ವರ್ಷ ಆದ್ರೂ ಉಳಿದಿದೆ. ಆ ಕತೇಲಿ ಇನ್ನೊಂದು ಸಣ್ಣ ಮಾತು ಬರ್ತದೆ, ಕೆನ್ ಆರೊಕ್‌ಗೆ ಆಮೇಲೆ ಪಶ್ಚಾತ್ತಾಪ ಆಗಿ, ನಾನು ದೊಡ್ಡವನಾದ್ರೆ ಗಂಡ್ರಿಂಗ್ ಮಕ್ಕಳು ಮರಿಗೆ ಒಳ್ಳೇದು ಮಾಡ್ತೀನಿ ಅಂದ್ಕೋತಾನೆ. ನಿಮ್ಮ ಲೇಖನದಲ್ಲಿ ಶಾಪ ಬಂತು, ಗಂಡ್ರಿಂಗ್ ಹೆಸರು ಬರ್ಲಿಲ್ಲ ಸಾರ್.

ಅಲ್ಲಿ ಕಮ್ಮಾರನಿಗೆ ಎಂಪು ಅಂತಾರೆ. ಹಳೇ ಜಾವಾದಲ್ಲಿ ಕವಿಗಳಿಗೂ ಅದೇ ಬಿರುದು, ಎಂಪು ಪ್ರಪಂಚ, ಎಂಪು ತಂತುಲರ್ ಅಂತ. ಕವಿಗೂ ಕಮ್ಮಾರನಿಗೂ ಒಂದೇ ಬಿರುದು ಅಂದ್ರೆ ನಮ್ಮಲ್ಲಿ ಯಾರಾದ್ರೂ ಒಪ್ತಾರಾ ಅಂತ ಯೋಚಿಸಿ. ಲಾವು ಬೆಟ್ಟದ ಮೇಲೆ ಸುಕುಹ್ ಅಂತ ಒಂದು ದೇವಸ್ಥಾನ ಇದೆ, ಹದಿನೈದನೇ ಶತಮಾನದ್ದು. ಮೋಡ ಮುಚ್ಕೊಂಡು ಆಗುಂಬೆ ಥರ ಇತ್ತು ನಾನು ಹೋದ ದಿನ. ಅಲ್ಲಿ ಒಂದು ಕಲ್ಲಿನ ಮೇಲೆ ಕುಲುಮೆ ಕೆತ್ತಿದ್ದಾರೆ. ಕತ್ತಿ ಬಡೀತಿರೋನು ಭೀಮ, ತಿದಿ ಒತ್ತೋನು ಅರ್ಜುನ, ನಡುವೆ ಗಣಪತಿ ಒಂದು ಕಾಲೆತ್ತಿ ಕುಣೀತಿದ್ದಾನೆ. ನಾನು ತಿದಿ ಒತ್ತಿದವನು, ಅರ್ಜುನನ್ನೇ ನೋಡ್ತಾ ನಿಂತುಬಿಟ್ಟೆ. ನಮ್ಮ ತಿದಿ ಚರ್ಮದ್ದು, ಅಲ್ಲಿದ್ದು ಎರಡು ಉದ್ದ ಕೊಳವೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಎರಡೂ ಕೈಲಿ ಒಂದಾದ ಮೇಲೊಂದು ಒತ್ತೋದು. ಗಾಂಡೀವ ಹಿಡಿಯೋ ಕೈಗೆ ತಿದಿ ಕೊಟ್ಟಿದ್ದಾರಲ್ಲ, ಆ ಶಿಲ್ಪಿಗೆ ಅಲ್ಲೇ ಕೈಮುಗಿದೆ.

ಆತ್ಮದ ವ್ಯಾಪಾರದ ಬಗ್ಗೆ ಸ್ವಲ್ಪ ಹೇಳ್ಬೇಕು. ನಮ್ಮ ಸಂಬಂಧಿಕರ ಹುಡುಗ ಒಬ್ಬ, ಬೆಂಗಳೂರಲ್ಲಿರೋನು, ನಿಮ್ಮ ಲೇಖನದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿ, ಮಾವ ಇಂಥದ್ದೇ ಒಂದು ಮಾರಾಟಕ್ಕಿದೆ, ಒಳಗೆ ಅದೃಷ್ಟದ ಆತ್ಮ ಇದೆಯಂತೆ, ನಲವತ್ತು ಸಾವಿರ, ತಗೊಳ್ಲಾ ಅಂತ ಕೇಳ್ದ. ಮಾರೋನು ವಿಡಿಯೋ ಕಳ್ಸಿದ್ದ, ಕೆರಿಸ್ ತುದಿ ಮೇಲೆ ತಾನಾಗೇ ನಿಂತಿರೋದು. ನಾನು ಬೈದೆ. ಮದುರಾ ದ್ವೀಪದಲ್ಲಿ ಸುಮೆನೆಪ್ ಕಡೆ ಆಯೆಂಗ್ ತೊಂಗ್-ತೊಂಗ್ ಅಂತ ಒಂದು ಹಳ್ಳಿ, ಊರಿಗೆ ಊರೇ ಕೆರಿಸ್ ಮಾಡ್ತಾರೆ. ಅಲ್ಲಿ ಹೋಗಿದ್ದಾಗ ಒಬ್ಬ ಹುಡುಗ ನನ್ನೆದುರಿಗೇ ಅವತ್ತು ಬೆಳಿಗ್ಗೆ ಮುಗಿಸಿದ ಹೊಸ ಕೆರಿಸ್‌ನ ನಿಲ್ಲಿಸಿ ತೋರಿಸ್ದ, ಅವನಿಗೆ ಎರಡು ನಿಮಿಷ ಸಾಕಾಯ್ತು, ನಾನು ಮುಕ್ಕಾಲು ಗಂಟೆ ಒದ್ದಾಡಿದ್ರೂ ನಿಲ್ಲಲಿಲ್ಲ. ಅಲಗಿನ ಭಾರ ಎಲ್ಲಿ ಕೂರ್ತದೆ ಅನ್ನೋದು ಕೈಗೆ ಗೊತ್ತಾಗ್ಬೇಕು, ಅಷ್ಟೇ. ಬೆಳಿಗ್ಗೆ ಹುಟ್ಟಿದ ಕೆರಿಸ್‌ಗೆ ಮಧ್ಯಾಹ್ನದೊಳಗೆ ಆತ್ಮ ಎಲ್ಲಿಂದ ಬಂತು? ಗಡಗಡ ಅನ್ನೋದೂ ಅಷ್ಟೇ, ಒರೆ ಮರದ್ದು, ಒಣಗಿ ಸಡಿಲ ಆದ ಮೇಲೆ ಲಾರಿ ಹೋದ್ರೂ ಸದ್ದು ಬರ್ತದೆ. ಪಾಷಾಣ ಹಚ್ಚಿದ ಸಾಮಾನನ್ನ ಮನೇಲಿ ಮಕ್ಕಳ ಕೈಗೆ ಸಿಗೋ ಹಾಗೆ ಇಟ್ಕೋಬೇಡ ಅಂತಾನೂ ಹೇಳ್ದೆ, ಅದು ನಿಜವಾದ ಭಯ.

ಕೆರಿಸ್‌ಗೆ ಬೆಲೆ ಬರೋದು ಬೇರೆ ರೀತಿಲಿ. ಡಚ್ಚರ ವಿರುದ್ಧ 1825ರಿಂದ 1830ರವರೆಗೆ ಯುದ್ಧ ಮಾಡಿದ ರಾಜಕುಮಾರ ದಿಪೊನೆಗೊರೊ ಅವರ ಕೆರಿಸ್, ನಾಗ ಸಿಲುಮನ್ ಅಂತ ಹೆಸರು, ನೆದರ್ಲೆಂಡ್ಸ್‌ನ ಮ್ಯೂಸಿಯಂನಲ್ಲಿ ಎಲ್ಲೋ ಸೇರಿಹೋಗಿ ಯಾವುದು ಅಂತಲೇ ಗೊತ್ತಿಲ್ಲದೆ ವರ್ಷಾನುಗಟ್ಟಲೆ ಬಿದ್ದಿತ್ತು, ಹಳೇ ಕಾಗದಪತ್ರ ಎಲ್ಲಾ ತಡಕಿ ಇದೇ ಅಂತ ಗುರುತಿಸಿ 2020ರ ಮಾರ್ಚಲ್ಲಿ ಡಚ್ ರಾಜರು ಇಂಡೋನೇಷ್ಯಾಕ್ಕೆ ಬಂದ ಹೊತ್ತಿಗೆ ವಾಪಸ್ ಕೊಟ್ರು. ನಾನು ಆಗ ಊರಿಗೆ ಬಂದಾಗಿತ್ತು, ಆ ಫಿಟ್ಟರ್ ಫೋನ್ ಮಾಡಿ ಅವರು ಮನೆಗೆ ಬಂದ್ರು ಅಂದ್ರು, ಯಾರೋ ನೆಂಟರು ಬಂದ್ರೇನೋ ಅಂದ್ಕೊಂಡೆ. ಆಮ್‌ಸ್ಟರ್‌ಡ್ಯಾಮಲ್ಲಿ ಇನ್ನೊಂದು ಕೆರಿಸ್ ಇದೆ, ಅದರ ಮೇಲೆ ಶಕ ವರ್ಷ 1264 ಅಂತ ಇದೆ, ಅಂದ್ರೆ ಕ್ರಿಸ್ತಶಕ 1342. ನಮ್ಮ ಶಾಸನಗಳಲ್ಲಿ ಇರೋ ಅದೇ ಶಕ ವರ್ಷ. ಮೇಲೆ ರಾಮಾಯಣದ ಚಿತ್ರ.

ಇಷ್ಟೆಲ್ಲಾ ಅಲ್ಲಿಯದೇ ಹೇಳಿ ನಮ್ಮದು ಬಿಟ್ರೆ ಅಜ್ಜ ಒಪ್ಪಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಲಿ ಪಿಯರ್‌ಸನ್ ಅನ್ನೋರು ಇಂಡಿಯಾದಿಂದ ಬಂದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಓದಿದ್ರು, ಅದಕ್ಕೆ ವೂಟ್ಸ್ ಅಂತ ಕರೆದ್ರು. ನಮ್ಮ ಉಕ್ಕು ಅನ್ನೋ ಮಾತೇ ಕಿವಿಯಿಂದ ಕಿವಿಗೆ ಹೋಗಿ ವೂಟ್ಸ್ ಆಯ್ತು ಅಂತ ಬಲ್ಲವರು ಹೇಳ್ತಾರೆ. ವಿದ್ಯುತ್ತಿಗೆ ಹೆಸರಾದ ಮೈಕೆಲ್ ಫ್ಯಾರಡೆ ಕೂಡ ಶುರುವಲ್ಲಿ ಈ ಉಕ್ಕಿನ ಗುಟ್ಟು ಹುಡುಕ್ತಾ ಕೆಲವು ವರ್ಷ ಕಳೆದ್ರು, ಅವರಪ್ಪ ಕಮ್ಮಾರ. ಬುಕಾನನ್ ಅನ್ನೋ ಇಂಗ್ಲಿಷ್ ಕಂಪನಿಯ ವೈದ್ಯ 1800ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಉಕ್ಕು ಮಾಡೋದನ್ನ ನೋಡಿ ಬರೆದಿಟ್ಟಿದ್ದಾನೆ, ಮಣ್ಣಿನ ಮೂಸೆಲಿ, ಅಂದ್ರೆ ಲೋಹ ಕರಗಿಸೋ ಕುಡಿಕೇಲಿ, ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಸುಡೋದು. ಆ ಕಡ್ಡಿ ಸುಟ್ಟು ಬರೋ ಇಂಗಾಲವೇ ಕಬ್ಬಿಣಕ್ಕೆ ಸೇರಿ ಉಕ್ಕಾಗೋದು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಲಿ ಅಂಥ ಮೂಸೆ ಚೂರುಗಳು ಸಿಕ್ಕಿವೆ. ಉಕ್ಕಿನ ಹೆಸರು ಲಂಡನ್‌ಗೆ ಹೋಯ್ತು, ಪ್ರಬಂಧ ಓದಿದವರ ಹೆಸರು ಉಳೀತು, ಸುತ್ತಿ ನೋಡಿದವನ ಹೆಸರು ಉಳೀತು. ಮೂಸೆ ಮುಚ್ಚಿದವನ ಹೆಸರು?

ಕೊಡಗಿನವರು ಇದರಲ್ಲಿ ವಾಸಿ. ಗೆಳೆಯನ ಐನ್‌ಮನೆಗೆ ಒಂದು ಸಲ ಕೈಲ್ ಪೋಳ್ದ್‌ಗೆ ಹೋಗಿದ್ದೆ, ಅಂದ್ರೆ ಅವರ ಆಯುಧದ ಹಬ್ಬಕ್ಕೆ, ಸೆಪ್ಟೆಂಬರ್ ಮೊದಲ ವಾರ, ನಾಟಿ ಕೆಲಸ ಮುಗಿದಿರ್ತದೆ. ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲಾ ಉಜ್ಜಿ ಇಟ್ಟು ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ, ಆಮೇಲೆ ಕಡಂಬುಟ್ಟು ಪಂದಿಕರಿ. ಅಲ್ಲಿ ಆಯುಧ ಇರೋದು ಕಾರಣವರ ಜೊತೆ, ಅಂದ್ರೆ ಮನೆಯ ಹಿರಿಯರ ಜೊತೆ, ಹೊರಗಿನ ಭೂತ ಪ್ರೇತದ ಮಾತೇ ಬರಲ್ಲ. ಗೆಳೆಯನ ದೊಡ್ಡಪ್ಪನ್ನ ಕೇಳ್ದೆ, ಈ ಒಡಿಕತ್ತಿ ಮಾಡಿದ್ಯಾರು ಅಂತ. ಇಂಥಾ ಊರಿನ ಇಂಥವರ ಅಜ್ಜ ಅಂತ ಕೂಡ್ಲೆ ಹೇಳಿದ್ರು! ಪೇಟೇಲಿ ಈಗ ಗಾಜಿನ ಪೆಟ್ಟಿಗೇಲಿ ಮಾರೋ ಪೀಚೆಕತ್ತಿಗೆ ಹಾಗೆ ಹೇಳೋರು ಯಾರೂ ಇಲ್ಲ, ಮೆಷಿನ್ನಲ್ಲಿ ಕತ್ತರಿಸಿ ಪಾಲಿಶ್ ಹೊಡ್ದಿರ್ತಾರೆ, ಬೆಣ್ಣೆ ಕೂಡ ಕಡಿಯಲ್ಲ.

ನಮ್ಮ ಸುತ್ತಲಲ್ಲಿ ಮೊದ್ಲು ಆಯ ಕೊಡ್ತಿದ್ರು, ಕೊಯ್ಲಾದ ಮೇಲೆ ಇಷ್ಟು ಭತ್ತ ಅಂತ, ವರ್ಷಪೂರ್ತಿ ನೇಗಿಲಿನ ಕುಳ ತಟ್ಟೋದು, ಕತ್ತಿ ಹದ ಹಾಕೋದು ಎಲ್ಲಾ ಅದರಲ್ಲೇ. ಈಗ ಕುಳವೇ ಇಲ್ಲ, ಟ್ರ್ಯಾಕ್ಟರ್ ಟಿಲ್ಲರ್ ಬಂತು. ಇದ್ದಿಲು ಸಿಗಲ್ಲ, ಕಾಡಿಂದ ಕಟ್ಟಿಗೆ ತಂದು ಸುಟ್ರೆ ಕೇಸು, ತೆಂಗಿನ ಚಿಪ್ಪು ಸುಟ್ಟು ಕೆಲಸ ನಡ್ಸೋದು. ಕಬ್ಬಿಣ ಅಂದ್ರೆ ಗುಜರಿ ಅಂಗಡಿಯ ಲಾರಿ ಪ್ಲೇಟು, ಅದು ಒಳ್ಳೇ ಉಕ್ಕೇ, ಸುಳ್ಳು ಹೇಳ್ಬಾರದು. ಅಡಿಕೆ ತೋಟದ ಕತ್ತಿ, ಮೆಟ್ಟುಗತ್ತಿ ಇವೆರಡು ಇರೋದ್ರಿಂದ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಇಂಡೋನೇಷ್ಯಾದ ಕೆರಿಸ್‌ನ ಯುನೆಸ್ಕೊ 2005ರಲ್ಲೇ ಪರಂಪರೆ ಅಂತ ಘೋಷಿಸಿ 2008ರಲ್ಲಿ ಪಟ್ಟಿಗೆ ಸೇರಿಸ್ತು, ಸುರಕರ್ತದ ಕಲಾ ಕಾಲೇಜಲ್ಲಿ ಕೆರಿಸ್ ಮಾಡೋದನ್ನೇ ಓದಿಸ್ತಾರೆ. ನಾನು ಅಷ್ಟೆಲ್ಲಾ ಕೇಳ್ತಿಲ್ಲ. ಒಂದು ಭಾನುವಾರ ದೆವ್ವಕ್ಕೆ ಅರ್ಧ ಪುಟ ಕೊಟ್ಟಿದ್ದೀರಲ್ಲ, ಇನ್ನೊಂದು ಭಾನುವಾರ ಕಾಲು ಪುಟ ಕುಲುಮೆಗೆ ಕೊಡಿ.

ನಮ್ಮೂರಿಂದ ಎಂಟು ಕಿಲೋಮೀಟರ್ ಆಚೆ ಒಬ್ಬರು ಆಚಾರ್ರು ಇದ್ದಾರೆ, ಎಪ್ಪತ್ತು ದಾಟಿದೆ, ಮೊಮ್ಮಗಳು ಬ್ಲೋವರ್ ಹ್ಯಾಂಡಲ್ ತಿರುಗಿಸ್ತಾಳೆ, ಅವಳು ಅಲ್ಲೇ ಹೈಸ್ಕೂಲಿಗೆ ಹೋಗ್ತಾಳೆ. ನಿಮ್ಮ ವರದಿಗಾರರನ್ನ ಕಳಿಸಿದ್ರೆ ನಾನೇ ಬಸ್ ಸ್ಟ್ಯಾಂಡಿಂದ ಕರ್ಕೊಂಡು ಹೋಗ್ತೀನಿ. ಸಂಜೆ ಮುಂದೆ ಬರ್ಲಿ, ಹದ ಹಾಕೋದು ನೋಡೋಕೆ ಸಿಗ್ತದೆ, ಫ್ಲಾಶ್ ಹಾಕಿ ಫೋಟೋ ಹೊಡೀಬಾರದು. ಬರಿಗೈಲಿ ಹೋಗೋದು ಬೇಡ, ಅಡಿಗೆಮನೆಗೆ ಒಂದು ಕತ್ತಿ ಮಾಡೋಕೆ ಹೇಳಿ ಬರ್ಲಿ. ಯಾವತ್ತು ಕೊಡ್ತೀರ ಅಂತ ಮಾತ್ರ ಅವರ ಹತ್ರ ಕೇಳೋದು ಬೇಡ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಓದುಗ